ಮರ ಬಿಟ್ಟು ಮಿಕ್ಕಿದ್ದೆಲ್ಲ

ಜಕ್ಕೂರಿನ ನಮ್ಮ ಮನೆಯ ಹಿಂದೆ ಒಂದು ಹುಣಸೆಮರವಿದೆ. ಜಾಗ ನಮ್ಮದು, ಮರ ನಮ್ಮದಲ್ಲ. ನಿವೇಶನ ಮಾರಿದ ರೈತ ಮನೆತನದ ಅಜ್ಜಿ ಅಪ್ಪನಿಗೆ ಹಾಗೆಂದಾಗ ನಾನೂ ಅಲ್ಲಿದ್ದೆ ಎಂದು ಬಹಳ ಸಲ ಹೇಳಿಕೊಂಡಿದ್ದೇನೆ. ಇದ್ದೆನೋ ಇಲ್ಲವೋ. ನನ್ನ ನೆನಪಿನಲ್ಲಿ ಅಜ್ಜಿ ಮರಕ್ಕೆ ಕೈಯಿಟ್ಟು ನಿಂತಿದ್ದಾಳೆ. ಅಕ್ಕನ ನೆನಪಿನಲ್ಲಿ ಅದು ಯಲಹಂಕದ ನೋಂದಣಿ ಕಚೇರಿಯ ಮೆಟ್ಟಿಲು, ಅಲ್ಲಿ ಮರವೇ ಇಲ್ಲ. ಮಾತು ಮಾತ್ರ ಇಬ್ಬರಿಗೂ ಒಂದೇ: "ಮರ ಬುಟ್ಟು ಮಿಕ್ಕಿದ್ದೆಲ್ಲ ನಿಮ್ದು."

ಪ್ರತಿ ವರ್ಷ ಶಿವರಾತ್ರಿಯ ಹೊತ್ತಿಗೆ ಅಜ್ಜಿ ಹುಣಸೆ ಬಡಿಯಲು ಬಿದಿರಿನ ಗಳ ಹಿಡಿದು ಬರುತ್ತಾಳೆ. ಮರದ ಆಚೆ ಬದಿಗೆ ಅಪಾರ್ಟ್‌ಮೆಂಟಿನ ಗೋಡೆ ಎದ್ದ ಮೇಲೆ ನಮ್ಮ ತಾರಸಿಯಿಂದಲೇ ಕೊಂಬೆ ಬಡಿಯಬೇಕು. ಗೇಟು ತೆಗೆದು, ಹೊರಮೆಟ್ಟಿಲು ಹತ್ತಿ, ಯಾರನ್ನೂ ಕೇಳದೆ ಮೇಲೆ ಹೋಗುತ್ತಾಳೆ. ತನ್ನ ಮರಕ್ಕೆ ಹೋಗಲು ಕೇಳುವುದೇನು? ತಲೆಯ ಮೇಲೆ ಪಕ್ಕದ ಏರೋಡ್ರೋಮಿನ ತರಬೇತಿ ವಿಮಾನ ಗುರ್ರೆಂದರೆ ಗಳ ಎತ್ತಿ ಅದನ್ನೂ ಬೈಯುತ್ತಾಳೆ.

ಗಂಡನ ಮನೆ ಬಿಟ್ಟು ಅಕ್ಕ ವಾಪಸು ಬಂದ ವರ್ಷ ಅವಳಿಗೊಂದು ಕೋಣೆ ಬೇಕಾಯಿತು. ನಡುಮನೆಯ ದಿವಾನದ ಮೇಲೆ ಮಲಗುತ್ತಿದ್ದಳು. ಬಂದವರೆಲ್ಲ ಅವಳ ಹಾಸಿಗೆಯ ಮೇಲೇ ಕೂತು ಕಾಫಿ ಕುಡಿಯುತ್ತಿದ್ದರು. ತಾರಸಿಯಲ್ಲಿ ಕಟ್ಟಿಸೋಣವೆಂದು ಎಂಜಿನಿಯರನ್ನು ಕರೆಸಿದೆವು.

ಅವನು ಟೇಪು ಸುತ್ತುತ್ತ ಹೇಳಿದ: "ಸೈಟು ನಿಮ್ದೇ ಸರ್. ಆದ್ರೆ ಮೇಲ್ಗಡೆ ಏರೋಡ್ರೋಮ್‌ನೋರ್ದು, ಅವ್ರು ಬಿಟ್ಟಷ್ಟೇ ಎತ್ತರ. ಸುತ್ತ ಸೆಟ್‌ಬ್ಯಾಕು ಅಂತ ಖಾಲಿ ಬಿಡ್ಬೇಕು, ಅದು ಗಾಳಿ ಬೆಳಕಿಂದು."

"ನಮ್ದು ಯಾವ್ದಪ್ಪಾ ಹಾಗಾದ್ರೆ?" ಅಂದಳು ಅಕ್ಕ.

"ಟ್ಯಾಕ್ಸು, ಮೇಡಂ."

ಕೋಣೆಯ ಮೇಲೆ ನೀರಿನ ಟ್ಯಾಂಕ್ ಏರಿಸಿದರೆ ಎತ್ತರ ಮೀರುತ್ತಿತ್ತು. ಟ್ಯಾಂಕ್ ಇದ್ದಲ್ಲೇ ಇರಬೇಕು. ಕೋಣೆ ಹುಣಸೆ ಬಾಗಿದ ಮೂಲೆಗೇ ಹೋಗಬೇಕು, ಅಜ್ಜಿ ನಿಂತು ಕೊಂಬೆ ಬಡಿಯುವ ಜಾಗಕ್ಕೆ. ಮರ ಕಡಿಸಲು ಸರ್ಕಾರದ ಅಪ್ಪಣೆ ಬೇಕು. ಅದಕ್ಕೂ ಮೊದಲು ಅಜ್ಜಿಯದು.

ಅಕ್ಕ ಕ್ರಯಪತ್ರ ತೆಗೆದಳು. ಅದರಲ್ಲಿ ಹಳೆಯ ವರಸೆಯ ಒಂದು ಸಾಲು: ನಿಧಿ, ನಿಕ್ಷೇಪ, ಜಲ, ತರು, ಪಾಷಾಣ ಸಮೇತ. "ತರು ಅಂದ್ರೆ ಮರ ತಾನೆ? ಕೊಟ್ಟಾಗಿದೆ!" ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು, ಬೋರ್‌ವೆಲ್ ಕೊರೆಸಲು ಪರವಾನಗಿ ಬೇಕು, ಈ ಸಾಲು ಬರೆದವರು ಎಂಥ ಒಡೆಯನನ್ನು ಕಲ್ಪಿಸಿಕೊಂಡಿದ್ದರೋ ಎಂದು ನಾನು ಯೋಚಿಸುತ್ತ ಕೂತೆ. ಅಕ್ಕನಿಗೆ ಬೇಕಿದ್ದುದು ಚಿಲಕವಿರುವ ಒಂದು ಬಾಗಿಲು.

ಆ ಸಲ ಅಜ್ಜಿ ಬಂದಾಗ ಅಕ್ಕ ಮೆಟ್ಟಿಲ ಬುಡದಲ್ಲೇ ತಡೆದು ಆ ಸಾಲನ್ನು ಗಟ್ಟಿಯಾಗಿ ಓದಿದಳು.

ಅಜ್ಜಿ ಗಳ ಕೆಳಗಿಡಲಿಲ್ಲ. "ಕಾಗ್ದ ಬರ್ದೋನು ಒಂದಿನಾನಾದ್ರೂ ಅತ್ತಿದ್ನೇನವ್ವಾ?"

"ಅವ್ನ್ಯಾಕೆ ಅಳ್ತಾನೆ ಅಜ್ಜಿ?"

"ಅಳೋದಲ್ಲ ಕಣೇ! ಅತ್ತೋದು, ಮರ ಅತ್ತೋದು!"

ಅಜ್ಜಿಯ ಬಾಯಲ್ಲಿ ಹಕಾರ ನಿಲ್ಲುವುದಿಲ್ಲ ಎಂಬುದು ಆಗ ಹೊಳೆದು ಅಕ್ಕ ನಕ್ಕಳು. ತವರಿಗೆ ಬಂದ ಮೇಲೆ ಮೊದಲ ಸಲವೆಂದು ಬರೆಯಲು ಕೈ ತುರಿಸುತ್ತದೆ, ಆದರೆ ಅದಕ್ಕೆ ಸಾಕ್ಷಿಯಿಲ್ಲ. ಅಜ್ಜಿ ನಗಲಿಲ್ಲ. "ಜಮೀನು ಮಾರಿದ್ ದಿನ ಅತ್ತಿದ್ದು ನಾನೊಬ್ಳೇ," ಅಂದಳು. ಯಾವ ಅತ್ತಿದ್ದು ಎಂದು ನಾವು ಕೇಳಲಿಲ್ಲ.

ಕೊನೆಗೆ ಅವಳೇ ಅಂದಳು: "ರೂಮ್ ಕಟ್ಕೊ. ಒಳ್ಗಿಂದ ನಂಗೆ ದಾರಿ ಬುಡು."

"ಬಿಡ್ತೀನಿ. ಆದ್ರೆ ಬಾಗ್ಲು ತಟ್ಟಿ ಬರ್ಬೇಕು."

"ನನ್ ಮರಕ್ಕೆ ನಾನು ಬಾಗ್ಲು ತಟ್ಬೇಕಾ?"

"ಮರಕ್ಕಲ್ಲ, ನನ್ ರೂಮ್‌ಗೆ."

ಅಜ್ಜಿ ಕೊಂಬೆಯ ಕಡೆ ನೋಡಿದಳು. "ನಿನ್ ರೂಮ್ ಮ್ಯಾಲೆ ಬಿದ್ದ ಅಣ್ಣು?"

"ನಂದು."

"ಅರ್ಧ," ಅಂದು ಅಜ್ಜಿ ಮೆಟ್ಟಿಲು ಹತ್ತಿದಳು.

ಕೋಣೆಗೆ ಎರಡು ಬಾಗಿಲು ಇಟ್ಟೆವು, ಮೆಟ್ಟಿಲಿಗೊಂದು, ಕೊಂಬೆಗೊಂದು. ಮರುವರ್ಷ ಗೇಟು ಕಿರ್ರೆಂದಿತು. ಹೆಜ್ಜೆಗಳು ಎಂದಿನಂತೆ ಮೇಲೇರಿ, ತುದಿಯಲ್ಲಿ ನಿಂತವು. ಆಮೇಲೆ ಗಳದ ತುದಿ ಬಾಗಿಲಿಗೆ ಟಕ್ಕೆಂದಿತು.

"ಯಾರು?" ಅಕ್ಕ ಕೇಳಿದಳು. ಎರಡು ಸಲ ಕೇಳಿದಳು ಎನ್ನುತ್ತೇನೆ ನಾನು. ಒಂದೇ ಸಲ ಎನ್ನುತ್ತಾಳೆ ಅವಳು.

"ಮರದೋಳು."

ಒಳಗಿನಿಂದ ಚಿಲಕ ಸರಿಯಿತು.