ಲ್ಯಾಮಿನೇಷನ್ ಮಾಡಿಸಿದವರು ಯಾರು

ನಮ್ಮ ಮೇಷ್ಟ್ರ ಮೇಲೆ ನಾನು ಸೇಡು ತೀರಿಸ್ಕೊಂಡೆ. ಹೇಳ್ಕೊಳ್ಳಾಕೆ ನಂಗೆ ನಾಚಿಕೆ ಏನಿಲ್ಲ.

ನಾನು ನ್ಯಾಮತಿಯವಳು. ಇತಿಹಾಸದಲ್ಲಿ ಎಂ.ಎ. ಮುಗಿಸಿ, ಹಳೇ ದಾಖಲೆ ಕಾಪಾಡೋದು ಹೆಂಗೆ ಅಂತ ಕಲಿಸೋ ಡಿಪ್ಲೊಮಾಕ್ಕೆ ಸೇರಿದಾಗ ಮನೇಲಿ ಎಲ್ಲರಿಗೂ ನಗೆಪಾಟಲು. "ರದ್ದಿ ಜೋಡಿಸಾಕೂ ಕಾಲೇಜ್ ಐತಾ?" ಅಂತ ನಮ್ಮ ಚಿಕ್ಕಪ್ಪ ಸಿಕ್ಕಿದಾಗೆಲ್ಲ ಕೇಳೋನು. ನಂಗೆ ಮಾತ್ರ ಆ ಪಾಠ ಪ್ರಾಣ. ವಿಭಾಗದ ಮುಖ್ಯಸ್ಥರಾಗಿದ್ದ ಈ ಮೇಷ್ಟ್ರೇ ಕಲಿಸೋರು. ಹಳೇ ಕಾಗದಕ್ಕೆ ನಾವೇನೇ ಮಾಡಿದ್ರೂ ಅದನ್ನ ವಾಪಸ್ ಬಿಚ್ಚಾಕೆ ಬರಬೇಕು, ಪಟ್ಟಿಲಿ ಒಮ್ಮೆ ಬರೆದದ್ದನ್ನ ತೆಗೀಬಾರದು, ಬೇಕಾದ್ರೆ ಸೇರಿಸಬೇಕು ಅಂತ ಟೇಬಲ್ ಗುದ್ದಿ ಗುದ್ದಿ ಹೇಳಿದ್ದು ಅವರೇ.

ಕೊನೇ ಸೆಮಿಸ್ಟರಿಗೆ ಯಾವುದಾದ್ರೂ ಮನೆಯ ಕಾಗದಪತ್ರ ಹುಡುಕಿ ತಂದು, ಅಚ್ಚುಕಟ್ಟಾಗಿ ಪಟ್ಟಿ ಮಾಡಿ ಕೊಡಬೇಕಿತ್ತು. ನಂಗೆ ಜಗಳೂರಲ್ಲಿ ಒಬ್ಬ ಅಜ್ಜಿ ಸಿಕ್ಕಳು. ವಯಸ್ಸಿದ್ದಾಗ ನಾಟಕ ಕಂಪನಿಲಿ ಪಾರ್ಟು ಮಾಡಿದವಳು. ಅವಳ ಟ್ರಂಕಿನ ತುಂಬ ನಾಟಕದ ಹ್ಯಾಂಡ್‌ಬಿಲ್ಲು. ಗುಲಾಬಿ, ಹಳದಿ, ಹಸಿರು, ಉದ್ದುದ್ದ ತೆಳು ಕಾಗದ. ಮೊದಮೊದಲು ಮುಟ್ಟಾಕೂ ಬಿಡ್ಲಿಲ್ಲ. ಅವಳ ಜೊತೆ ಶೇಂಗಾ ಬಿಡಿಸ್ತಾ, ಅವಳ ಸೊಸೆಯ ಮೇಲಿನ ದೂರೆಲ್ಲ ಕೇಳ್ತಾ ಎಷ್ಟು ಮಧ್ಯಾಹ್ನ ಕಳೆದೆನೋ. ಕಡೆಗೊಂದಿನ ಟ್ರಂಕ್ ತೆಗೆದಳು.

"ಪ್ರತಿಯೊಂದರ ತಳಕ್ಕೆ ನೋಡು," ಅಂದಳು. ದೊಡ್ಡ ನಟರ ಹೆಸರು ಮೇಲೆ, ದಪ್ಪ ಅಕ್ಷರದಾಗೆ. ಕಟ್ಟಕಡೇ ಸಾಲಿನಲ್ಲಿ, ಸಣ್ಣದಾಗಿ, ಅವಳ ಹೆಸರು. "ನಿನ್ನ ನಂಬಿ ಕೊಡ್ತಿದೀನಿ ಹುಡುಗಿ. ಹೆಂಗ್ ಹೋಗ್ತಾವೋ ಹಂಗೇ ಬರಬೇಕು."

"ಬರ್ತಾವೆ ಅಜ್ಜಿ, ನನ್ನಾಣೆ," ಅಂದೆ.

ಅದೇ ಸಮಯಕ್ಕೆ ಮೇಷ್ಟ್ರು ಚನ್ನಗಿರಿಲಿ ಒಂದು ಪ್ರದರ್ಶನ ಇಟ್ಕೊಂಡ್ರು. ದೊಡ್ಡೋರೆಲ್ಲ ಬರ್ತಾರೆ, ಹ್ಯಾಂಡ್‌ಬಿಲ್ಲು ಕೊಡು ಅಂತ ಇಸ್ಕೊಂಡ್ರು. ಪ್ರದರ್ಶನದ ದಿನ ಬೆಳಿಗ್ಗೆ ನಾನು ಹೋಗಿ ನೋಡ್ತೀನಿ, ಬೋರ್ಡಿನ ಮೇಲೆ ಎಲ್ಲವೂ ಥಳಥಳ ಹೊಳೀತಾವೆ!

"ಬಸ್‌ಸ್ಟ್ಯಾಂಡ್ ಎದುರು ಜೆರಾಕ್ಸ್ ಅಂಗಡಿಲಿ ಲ್ಯಾಮಿನೇಷನ್ ಮಾಡಿಸ್ದೆ," ಅಂದ್ರು ಮೇಷ್ಟ್ರು, ಹೆಮ್ಮೆಯಿಂದ. "ಇನ್ನು ನೂರು ವರ್ಷ ಏನೂ ಆಗಲ್ಲ ಬಿಡು."

ನಮ್ಮ ಕಡೆ ಜನಕ್ಕೆ ಇದೊಂದು ಚಟ. ಮಾರ್ಕ್ಸ್ ಕಾರ್ಡ್, ಜಾತಿ ಸರ್ಟಿಫಿಕೇಟ್, ದೇವರ ಫೋಟೊ, ಬೆಲೆಯುಳ್ಳದ್ದು ಏನು ಕೈಗೆ ಸಿಕ್ಕಿದ್ರೂ ಸೀದಾ ಲ್ಯಾಮಿನೇಷನ್. ಓದದೋರು ಮಾಡಿದ್ರೆ ಮಾಡ್ಲಿ. ಇವರು ಅದರ ವಿರುದ್ಧ ಪಾಠ ಹೇಳಿದೋರು! ಬಿಸಿಗೆ ಪ್ಲಾಸ್ಟಿಕ್ ಕರಗಿ ಕಾಗದದೊಳಗೇ ಇಳಿದಿತ್ತು, ಇನ್ನು ಬಿಡಿಸಿದ್ರೆ ಚಿಂದಿ. ಅಷ್ಟೇ ಆಗಿದ್ರೆ ಸಹಿಸ್ಕೋತಿದ್ದೆ. ಕಾಗದ ಉದ್ದ, ಪ್ಲಾಸ್ಟಿಕ್ ಹಾಳೆ ಗಿಡ್ಡ. ಹೊಂದಲಿ ಅಂತ ಎಲ್ಲದರ ತಳನೂ ಕತ್ತರಿಸಿ ಬಿಟ್ಟಿದ್ರು. ಅಜ್ಜಿಯ ಹೆಸರು ಅಂಗಡಿಯ ಕಸದ ಜೊತೆ ಹೋಗಿತ್ತು.

ಹೊರಗಿಂದ ಬಂದಿದ್ದ ಪರೀಕ್ಷಕರು ಬೋರ್ಡ್ ನೋಡಿದೋರೇ, "ಅಯ್ಯೋ, ಯಾರ್ರೀ ಈ ಕೆಲಸ ಮಾಡಿದ್ದು?" ಅಂದ್ರು. ಮೇಷ್ಟ್ರು ಕಣ್ಣು ಮಿಟುಕಿಸ್ಲಿಲ್ಲ. ನನ್ನ ಭುಜದ ಮೇಲೆ ಕೈ ಇಟ್ಟು, "ನಮ್ಮ ಸ್ಟೂಡೆಂಟು ಸರ್. ಅನುಭವ ಸಾಲದು," ಅಂದ್ರು.

"ನಾನಲ್ಲ ಸರ್!" ಅಂದೆ. "ಹೆದರ್ಕೋಬೇಡಮ್ಮ, ಯಾರೂ ಬಯ್ಯಲ್ಲ," ಅಂತ ಮೇಷ್ಟ್ರು ನಕ್ಕುಬಿಟ್ರು. ಎಲ್ಲರೂ ನಕ್ರು.

ಸಾಲದ್ದಕ್ಕೆ ಜಗಳೂರಿಗೂ ಅವರೇ ಫೋನ್ ಮಾಡಿ, ಹುಡುಗಿ ತಪ್ಪು ಮಾಡಿದಾಳೆ, ಕ್ಷಮಿಸಿ ಅಂತ ಹೇಳಿದ್ರಂತೆ. ನಾನು ಹೋಗೋ ಹೊತ್ತಿಗೆ ಅಜ್ಜಿ ಬಾಗಿಲಲ್ಲೇ ನಿಂತಿದ್ದಳು. ಒಂದು ಹಾಳೆ ಇಸ್ಕೊಂಡು ತಳದ ಮೇಲೆ ಬೆರಳಾಡಿಸಿದಳು.

"ನನ್ನ ಹೆಸರೆಲ್ಲಿ?"

"ಅಜ್ಜಿ, ನಾನು ಮಾಡಿದ್ದಲ್ಲ..."

"ಅಂಥ ದೊಡ್ಡ ಮೇಷ್ಟ್ರು ಸುಳ್ಳು ಹೇಳ್ತಾರಾ? ತಗೊಂಡು ಹೋಗು ಇವನ್ನ. ಇನ್ನೊಂದಪ ಈ ಹೊಸ್ತಿಲು ತುಳೀಬ್ಯಾಡ."

ವಾಪಸ್ ಬರೋ ಬಸ್ಸಲ್ಲಿ ಅಳು ಬರ್ಲಿಲ್ಲ, ಮೈಯೆಲ್ಲ ಉರೀತಿತ್ತು. ಈ ಮನುಷ್ಯನಿಗೆ ಒಂದು ಗತಿ ಕಾಣಿಸದೆ ಬಿಡಲ್ಲ ಅಂದ್ಕೊಂಡೆ.

ಕೆಲಸ ಸಿಕ್ಕಿದ್ದು ಹೊನ್ನಾಳಿಲಿ, ಒಂದು ಸಣ್ಣ ದಾಖಲೆ ಸಂಗ್ರಹದಲ್ಲಿ. ಅಜ್ಜಿ ಬೇಡ ಅಂದ್ಮೇಲೆ ವಿಭಾಗದಲ್ಲೇ ಬಿದ್ದಿದ್ದ ಆ ಹ್ಯಾಂಡ್‌ಬಿಲ್ಲುಗಳನ್ನ ನಾನೇ ಕೇಳಿ ತರಿಸ್ಕೊಂಡೆ. ವಿವರ ಬರೆಯೋದು ನನ್ನ ಕೆಲಸ. ಬರೆದೆ: "ಪ್ಲಾಸ್ಟಿಕ್‌ನಿಂದ ಮುಚ್ಚಲಾಗಿದೆ. ಕೆಳಭಾಗ ಕತ್ತರಿಸಿ ನಾಶಪಡಿಸಲಾಗಿದೆ. ಮಾಡಿಸಿದವರು:" ಆಮೇಲೆ ಮೇಷ್ಟ್ರ ಪೂರ್ತಿ ಹೆಸರು, ಡಾಕ್ಟರ್ ಸಮೇತ, ಹುದ್ದೆ ಸಮೇತ. ಒಂದಕ್ಷರ ಸುಳ್ಳಿಲ್ಲ. ಆಹಾ, ಅಷ್ಟು ಖುಷಿಯಿಂದ ನಾನು ಯಾವತ್ತೂ ಟೈಪ್ ಮಾಡಿಲ್ಲ.

ಕ್ಯಾಟಲಾಗು ಇಂಟರ್ನೆಟ್ಟಿಗೆ ಹೋಯ್ತು. ಮೇಷ್ಟ್ರು ರಿಟೈರಾದಾಗ ಶಿಷ್ಯರು ಅಭಿನಂದನ ಗ್ರಂಥ ತರಾಕೆ ಹೊರಟು ಅವರ ಹೆಸರು ಹುಡುಕಿದ್ರೆ, ಮೊದಲು ಬಂದದ್ದೇ ನನ್ನ ಸಾಲು. ಮೇಷ್ಟ್ರು ಎದ್ನೋ ಬಿದ್ನೋ ಅಂತ ಹೊನ್ನಾಳಿಗೆ ಓಡಿ ಬಂದ್ರು.

"ಆ ಸಾಲು ತೆಗೆದುಬಿಡಮ್ಮ. ನಿನ್ನ ಗುರು ನಾನು."

"ನನ್ನ ಜೊತೆ ಜಗಳೂರಿಗೆ ಬನ್ನಿ ಸರ್. ಅಜ್ಜಿ ಮುಂದೆ ನಿಜ ಹೇಳ್ರಿ. ಆಮೇಲೆ ನೋಡೋಣ."

ಬಂದ್ರು. ದಾವಣಗೆರೆಲಿ ಬಸ್ ಬದಲಿಸೋವಾಗ ಬ್ಯಾಗ್ ಹಿಡ್ಕೋ ಅಂದ್ರು, ನಾನು ಕೇಳಿಸದ ಹಂಗೆ ಮುಂದೆ ಹೋದೆ. ಅಜ್ಜಿ ತೀರಾ ಸೊರಗಿದ್ದಳು, ಮಂಚದ ಮೇಲೆ ಕೂತಿದ್ದಳು. ಮೇಷ್ಟ್ರು ನೆಲ ನೋಡ್ಕೊಂಡು, "ಅದು... ನಾನೇ ಮಾಡಿಸಿದ್ದು. ಈ ಹುಡುಗಿದೇನೂ ತಪ್ಪಿಲ್ಲ," ಅಂದ್ರು.

ಅಜ್ಜಿ ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸ್ಕೊಂಡಳು.

"ನಿಂಗೆ ಎಷ್ಟು ಶಾಪ ಹಾಕೀನಿ ಗೊತ್ತಾ ತಾಯಿ? ತುತ್ತು ಇಳಿಯದಾಗೆಲ್ಲ ಹಾಕೀನಿ." ಮೇಷ್ಟ್ರ ಕಡೆ ತಿರುಗಿ, "ಆ ಅಷ್ಟನ್ನೂ ವಾಪಸ್ ತಗೊಂಡು ನಿಮಗೆ ಹಾಕ್ತಿದೀನಿ ಕಣ್ರೀ ಮೇಷ್ಟ್ರೇ. ಹೊತ್ಕೊಂಡು ಹೋಗ್ರಿ."

ನನ್ನ ಕಣ್ಣಲ್ಲಿ ನೀರು ಬಂದಿದ್ದು ಆಗ.

ಮಾರನೇ ದಿನ ಆಫೀಸಲ್ಲಿ ಆ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: "ಈ ತಪ್ಪನ್ನು ವಿದ್ಯಾರ್ಥಿನಿಯೊಬ್ಬಳ ಮೇಲೆ ಹೊರಿಸಿದ್ದು ಸುಳ್ಳು ಎಂದು ಅವರೇ ಒಡತಿಯ ಎದುರು ಒಪ್ಪಿಕೊಂಡಿದ್ದಾರೆ." ಸಂಜೆಯೊಳಗೆ ಮೇಷ್ಟ್ರ ಫೋನ್ ಬಂತು.

"ಏನಮ್ಮ ಇದು! ತೆಗಿ ಅಂದ್ರೆ ಇನ್ನೊಂದು ಸೇರ್ಸಿದೀಯಾ?"

"ಬರೆದದ್ದನ್ನ ತೆಗೆಯಂಗಿಲ್ಲ ಸರ್, ಸೇರಿಸ್ಬಹುದು ಅಷ್ಟೆ. ನೀವೇ ಕಲಿಸಿದ್ದು."

ನಾನು ಫೋನ್ ಇಡ್ಲಿಲ್ಲ. ಅವರೇ ಇಡ್ಲಿ ಅಂತ ಕಾದೆ.