ತೆಂಕಣ ಗೋಡೆಯ ಕಿಟಕಿ

ನಾನು ಚಿಕ್ಕವನಿದ್ದಾಗ ನನ್ನ ಹೊಟ್ಟೆಯೊಳಗೆ ಸದಾ ಒಂದು ಒಲೆ ಉರಿಯುತ್ತಿತ್ತು ಮಕ್ಕಳೇ. ಅದನ್ನು ಹಚ್ಚಿದವಳು ನನ್ನ ಅಕ್ಕ. ಅವಳು ಏನು ಹೇಳಿದರೂ ಅಪ್ಪನಿಗೆ ವೇದವಾಕ್ಯ. ನಾನು ಬಾಯಿ ತೆರೆದರೆ ಸಾಕು, "ಸುಮ್ಕಿರ್ಲಾ!" ಇದು ಎಂಥ ಸಂಕಟ ಎನ್ನುವುದು ಮನೆಗೆ ಕಿರಿಯರಾಗಿ ಹುಟ್ಟಿದವರಿಗಷ್ಟೇ ಗೊತ್ತು.

ಆ ಬೇಸಿಗೆಯಲ್ಲಿ ಅಪ್ಪ ಹಂಗಳದಲ್ಲಿ ನಮ್ಮ ಮನೆ ಕಟ್ಟುತ್ತಿದ್ದ. ಮಣ್ಣಿನ ಮನೆ. ಕೆಮ್ಮಣ್ಣಿಗೆ ನೀರು ಹುಯ್ದು, ರಾಗಿ ಹುಲ್ಲು ಬೆರೆಸಿ, ನಾವೆಲ್ಲ ಸೇರಿ ಕಾಲಲ್ಲಿ ತುಳಿಯುತ್ತಿದ್ದೆವು. ಬೆರಳ ಸಂದಿಯಲ್ಲಿ ತಣ್ಣನೆಯ ಕೆಸರು ಪಿಚಕ್ಕನೆ ಮೇಲೆ ಬರುತ್ತಿತ್ತು. ಗೋಡೆ ಒಂದು ಮೊಳ ದಪ್ಪ. ಒಂದು ವರಸೆ ಮಣ್ಣಿಟ್ಟು, ಅದು ಗಟ್ಟಿಯಾದ ಮೇಲೆ ಅದರ ಮೇಲೆ ಇನ್ನೊಂದು ವರಸೆ ಇಡಬೇಕು. ಹಸಿ ಗೋಡೆ ಬಿಸಿಲಿಗೆ ಬಿರಿಯದಿರಲೆಂದು ಮೇಲೆ ತೆಂಗಿನ ಗರಿಯ ಚಪ್ಪರ ಹಾಕಿದ್ದೆವು.

ನಡುಮನೆಗೆ ಇದ್ದದ್ದು ಒಂದೇ ಒಂದು ಕಿಟಕಿ. ಹಳೇ ಮನೆಯಿಂದ ಅಪ್ಪ ಬಿಚ್ಚಿ ತಂದ ಮರದ ಕಿಟಕಿ. ಗೋಡೆ ನನ್ನ ಸೊಂಟದ ಮಟ್ಟಕ್ಕೆ ಬಂದ ದಿನ ಅದನ್ನು ನಿಲ್ಲಿಸಲೇಬೇಕಾಗಿತ್ತು. ನಿಲ್ಲಿಸಿ ಸುತ್ತ ಮಣ್ಣಿಟ್ಟರೆ ಮುಗಿಯಿತು, ಆಮೇಲೆ ಬದಲಾಯಿಸುವ ಹಾಗಿಲ್ಲ.

ನನಗೆ ಅದು ಪಡುವಣ ಗೋಡೆಯಲ್ಲಿ ಬೇಕಾಗಿತ್ತು. ಆ ಕಡೆ ರಸ್ತೆ. ಬಂಡೀಪುರದ ಕಾಡಿನೊಳಗೆ ಹೋಗುವ ಬಸ್ಸು, ಲಾರಿಗಳೆಲ್ಲ ಅಲ್ಲೇ ಹಾಯುತ್ತಿದ್ದವು. ಒಳಗೆ ಕುಳಿತೇ ಎಲ್ಲವನ್ನೂ ನೋಡಬಹುದಲ್ಲ! ಅಕ್ಕನಿಗೆ ಮಾತ್ರ ತೆಂಕಣ ಗೋಡೆಯೇ ಆಗಬೇಕು. ಆ ಕಡೆ ಏನಿತ್ತು? ಹಿತ್ತಿಲು, ಒಂದು ಹೊಂಗೆ ಮರ, ಅದರ ಕೆಳಗೆ ನಮ್ಮ ಎಮ್ಮೆ.

"ಎಮ್ಮೆ ಮುಖ ನೋಡಕ್ಕೆ ಕಿಟ್ಕಿ ಬೇಕಾ ನಿಂಗೆ?" ಎಂದು ರೇಗಿದೆ.

"ಬಸ್ ನೋಡ್ಕಂಡ್ ಉಸ್ರಾಡಕ್ಕಾಯ್ತದೇನ್ಲಾ?" ಎಂದಳು ಅಕ್ಕ. "ಅಪ್ಪಾ, ಎಮ್ಮೆ ಮದ್ಯಾನದೊತ್ತು ಎಲ್ಲಿ ಮಲಗ್ತದೆ ನೋಡು. ಗಾಳಿ ಅತ್ಲಿಂದ್ಲೇ ಬತ್ತದೆ. ಅಲ್ಲಿಗೇ ಮಡಗು."

ಅಪ್ಪ ಆಗಲೇ ತಲೆಯಾಡಿಸತೊಡಗಿದ್ದ. ನನಗೆ ಮೈಯೆಲ್ಲ ಉರಿದುಹೋಯಿತು. ಕಿಟಕಿಯನ್ನು ತಬ್ಬಿಕೊಂಡು ಕೆಸರಿನಲ್ಲೇ ಕುಳಿತುಬಿಟ್ಟೆ.

"ಆಯ್ತು ಬುಡಿ," ಎಂದ ಅಪ್ಪ. "ಉಂಡು ಮನಿಕ್ಕಳನ. ಎದ್ದ ಮ್ಯಾಲೆ ಯೋಳ್ತೀನಿ."

ಮುದ್ದೆ, ಹುರುಳಿಕಾಳಿನ ಸಾರು ಉಂಡೆವು. ಅಕ್ಕ ತನ್ನ ಚಾಪೆಯನ್ನು ತೆಂಕಣ ಗೋಡೆಯ ಬುಡಕ್ಕೆ ಹಾಸಿಕೊಂಡಳು. ನಾನು ಅಪ್ಪನ ಚಾಪೆಯನ್ನು ಎಳೆದು ತಂದು ಪಡುವಣ ಗೋಡೆಯ ಹತ್ತಿರ ಹಾಸಿದೆ. ಅಪ್ಪ ನಗುತ್ತಾ ಬಂದು ಅಲ್ಲಿಯೇ ಮಲಗಿದ. ನನ್ನ ಸಂತೋಷ ಕೇಳಬೇಡಿ! ಅಪ್ಪನ ತೋಳಿಗೆ ಅಂಟಿಕೊಂಡು ಅಕ್ಕನ ಕಡೆ ನಾಲಿಗೆ ಚಾಚಿದೆ. ಬಸ್ಸಿನ ಸದ್ದು ಕೇಳುತ್ತಾ ಕೇಳುತ್ತಾ ನಿದ್ದೆ ಹತ್ತಿತು.

ಎಚ್ಚರವಾದಾಗ ಮುಖಕ್ಕೆ ತಣ್ಣನೆ ಗಾಳಿ ಬೀಸುತ್ತಿತ್ತು. ಹೊಂಗೆ ಹೂವಿನ ವಾಸನೆ. ಇದೇನಪ್ಪ ಎಂದು ಕಣ್ಣು ಬಿಟ್ಟರೆ, ನನ್ನ ತಲೆ ಅಕ್ಕನ ಚಾಪೆಯ ಮೇಲಿತ್ತು! ಆ ಕಡೆ ಪಡುವಣ ಬಿಸಿಲು ಚಪ್ಪರದ ಕೆಳಗಿನಿಂದ ನೇರವಾಗಿ ನುಗ್ಗಿ ಅಪ್ಪನ ಮುಖಕ್ಕೆ ಹೊಡೆಯುತ್ತಿತ್ತು. ಅಪ್ಪ ಎದ್ದು ಕುಳಿತು ಟವಲಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ.

"ಇವ್ಳೇ ಎಳ್ಕಂಡವ್ಳೆ ನನ್ನ!" ಎಂದು ಕಿರುಚಿದೆ.

"ಸುಳ್ಳೇಳ್ಬೇಡ ಕಣ್ಲಾ," ಎಂದಳು ಅವ್ವ. "ಕಣ್ ಮುಚ್ಕಂಡೇ ಅಂಬೆಗಾಲಿಕ್ಕಂಡ್ ಹೋದೆ. ನಾನೇ ನೋಡ್ದೆ."

ಅಪ್ಪ ಬಿದ್ದು ಬಿದ್ದು ನಕ್ಕ. "ನೀನೇ ತೀರ್ಮಾನ ಮಾಡ್ಬುಟ್ಟೆ ಬುಡು ಮಗ."

ನಿದ್ದೆಯಲ್ಲಿ ಮಾಡಿದ್ದು ಲೆಕ್ಕಕ್ಕಿಲ್ಲ ಎಂದು ನೆಲಕ್ಕೆ ಕಾಲು ಬಡಿದು ಅತ್ತೆ. ಯಾರೂ ಕೇಳಲಿಲ್ಲ. ಸಂಜೆಯೊಳಗೆ ಕಿಟಕಿ ತೆಂಕಣ ಗೋಡೆಯಲ್ಲಿ ನಿಂತಿತು. ಆ ರಾತ್ರಿ ನಾನು ಉಣ್ಣಲಿಲ್ಲ. ಮರುದಿನ ಮೇಲಿನ ವರಸೆ ಇಡುವಾಗ ಅಪ್ಪ ಒಂದು ಒಡೆದ ಮಡಕೆಯ ಕಂಠ ತಂದು, ನನ್ನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ಪಡುವಣ ಗೋಡೆಯೊಳಗೆ ಕೂರಿಸಿದ. ಅದಕ್ಕೆ ಕಣ್ಣಿಟ್ಟರೆ ಅರ್ಧ ಬಸ್ಸು ಕಾಣುತ್ತಿತ್ತು. ಅವಳಿಗೆ ಇಡೀ ಕಿಟಕಿ, ನನಗೆ ಮಡಕೆಯ ತೂತು!

ಮುಂದೆ ಮನೆ ಅಳಿಯ ಬಂದ, ಅಕ್ಕ ಆ ಮನೆಯಲ್ಲೇ ಉಳಿದಳು. ಅವಳೇ ನಿಮ್ಮ ದೊಡ್ಡಜ್ಜಿ. ಗುಂಡ್ಲುಪೇಟೆಯಲ್ಲಿ ಈ ಮನೆ ಕಟ್ಟಿಸುವಾಗ ನಿಮ್ಮಪ್ಪ ನನ್ನ ಆಸೆ ಕೇಳಿ, ಪಡುವಣಕ್ಕೆ ರಸ್ತೆ ಕಾಣುವ ಹಾಗೆ ಗೋಡೆಯಗಲದ ಗಾಜು ಹಾಕಿಸಿಕೊಟ್ಟ. ಅಕ್ಕನನ್ನು ಕರೆದು ತೋರಿಸಿ ಮೆರೆದೆ. ಆದರೆ ಆಗಿದ್ದೇನು? ಮಧ್ಯಾಹ್ನವಾದರೆ ನೀವು "ತಾತ, ಕರ್ಟನ್ ತೆಗೀಬೇಡ, ಸೆಖೆ" ಎಂದು ಕೂಗುತ್ತೀರಿ. ಕರ್ಟನ್ ಎಳೆದು, ಹಗಲಿನಲ್ಲೇ ಲೈಟ್ ಹಾಕಿ, ಏಸಿ ಹಚ್ಚಿ ಕೂರುತ್ತೀರಿ. ನನ್ನ ಬಸ್ಸುಗಳು ಕಾಣದೆಯೇ ಹೋಗುತ್ತವೆ.

ಮಹಡಿ ಕಟ್ಟಲು ಬಂದ ಇಂಜಿನಿಯರಮ್ಮ ಕರೆಂಟು ಕಡಿಮೆ ಎಳೆಯುವ ಮನೆ ಹೇಗಿರಬೇಕೆಂದು ಹೇಳಿದ್ದೇ ತಡ, ಅಕ್ಕನ ಮನೆ ಹಾಗೇ ಇದೆಯೆಂದು ನಿಮ್ಮಪ್ಪ ಅವಳನ್ನು ಹಂಗಳಕ್ಕೇ ಕರೆದೊಯ್ದ. ಅವಳು ಅಕ್ಕನ ಗೋಡೆಯನ್ನು ಟೇಪಿನಲ್ಲಿ ಅಳೆದಳು, ಅಕ್ಕನ ಕಿಟಕಿಯ ಫೋಟೋ ತೆಗೆದಳು. ನನ್ನ ಮಡಕೆಯ ತೂತಿನ ಕಡೆ ತಿರುಗಿಯೂ ನೋಡಲಿಲ್ಲ.

ಹೋದ ವಾರ ದಿನವಿಡೀ ಕರೆಂಟಿಲ್ಲದೆ ಈ ಮನೆ ಕಾದ ಹೆಂಚಿನಂತಾದಾಗ ನಾವೆಲ್ಲ ಬಸ್ಸು ಹತ್ತಿ ಅಲ್ಲಿಗೇ ಓಡಿದೆವಲ್ಲ? ಊಟವಾದ ಮೇಲೆ ನಿಮ್ಮಲ್ಲಿ ಚಿಕ್ಕವನು ತಾತನೇ ಬೇಕೆಂದು ಪಡುವಣ ಗೋಡೆಯ ಬಳಿ ನನ್ನ ಪಕ್ಕದಲ್ಲೇ ಮಲಗಿದ. ಅಕ್ಕನ ಕಡೆ ನೋಡಿ ಬೀಗಿದೆ. ಎಚ್ಚರವಾಗಿ ನೋಡಿದರೆ ಪಕ್ಕದಲ್ಲಿ ಅವನಿಲ್ಲ. ತೆಂಕಣ ಕಿಟಕಿಯ ಕೆಳಗೆ, ಅವಳ ಮಗ್ಗುಲಲ್ಲಿ ಗೊರಕೆ ಹೊಡೆಯುತ್ತಿದ್ದಾನೆ!

ಆ ಹಳೇ ಒಲೆ ಮತ್ತೆ ಧಗ್ ಎಂದಿತು. ಅಕ್ಕ ಎಚ್ಚರವಾಗಿಯೇ ಇದ್ದಳು. ನನ್ನ ಮುಖ ನೋಡಿ ನಕ್ಕು, ಮಗುವನ್ನು ಹತ್ತಿರಕ್ಕೆಳೆದುಕೊಂಡು ಚಾಪೆಯಲ್ಲಿ ಒಂದಿಷ್ಟು ಜಾಗ ಮಾಡಿದಳು.

"ಈ ಸಲನಾದ್ರೂ ಕಣ್ ಬಿಟ್ಕಂಡ್ ಬಾರ್ಲಾ," ಎಂದಳು.