ರತ್ನಮ್ಮತ್ತೆಯ ಹುಳುಮನೆ

೨೦೦೮ರ ಅಕ್ಟೋಬರ್ ೧೨, ಭಾನುವಾರ. ಬೆಳಿಗ್ಗೆ ಆರೂ ಹತ್ತಕ್ಕೆ ಬರೆಯಲು ಕೂತೆ.

ರತ್ನಮ್ಮತ್ತೆಗೆ ಅವಳದೇ ಒಂದು ಮನೆ ಇತ್ತು. ಅದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ — ನಾನು ಹೇಳಲಿಲ್ಲ.

ಅತ್ತೆ ನನ್ನ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಚಿಂತಾಮಣಿಯ ನಮ್ಮ ಮನೆಗೆ ಬಂದು ನನ್ನನ್ನು ಸಾಕಿದವಳು. ಶಿಡ್ಲಘಟ್ಟದ ಹತ್ತಿರ ತಾತನ ಹಿಪ್ಪುನೇರಳೆ ತೋಟವಿತ್ತು. ಅದರಲ್ಲಿ ರೇಷ್ಮೆ ಹುಳು ಸಾಕುವ ಮನೆ, ವಾಸಕ್ಕೆ ಎರಡು ಕೋಣೆ. ತಾತ ಅದನ್ನೆಲ್ಲ ಟ್ರಸ್ಟ್ ಮಾಡಿ ದೊಡ್ಡಪ್ಪನನ್ನು ಟ್ರಸ್ಟಿ ಮಾಡಿದ್ದರು. ತಮ್ಮ ನಂತರದ ಟ್ರಸ್ಟಿಯಾಗಿ ದೊಡ್ಡಪ್ಪ ನನ್ನ ಹೆಸರು ಬರೆಸಿದರು. ಎಲ್ಲಕ್ಕೂ ತಾರೀಕು ಹಾಕಿಡುವ ಹುಡುಗಿ, ತಪ್ಪು ಮಾಡುವುದಿಲ್ಲ ಎಂಬ ನಂಬಿಕೆ ಅವರಿಗೆ.

೨೦೦೪ರಲ್ಲಿ ದೊಡ್ಡಪ್ಪ ಹೋದರು. ಚಿಕ್ಕಬಳ್ಳಾಪುರದ ವಕೀಲರು ಟ್ರಸ್ಟ್ ಪತ್ರವನ್ನು ಓದಿ ಹೇಳಿದರು: ಇನ್ನು ಮುಂದೆ ತೋಟ, ಮನೆ ಎರಡೂ ರತ್ನಮ್ಮನ ಬಳಕೆಗೆ, ಅವಳಿರುವವರೆಗೆ, ಆಮೇಲೆ ಅವಳು ಹೆಸರಿಸಿದ ಹೆಂಗಸಿಗೆ.

"ಮೊದ್ಲು ಹೋಗಿ ಆಯಮ್ಮನಿಗೆ ಹೇಳಮ್ಮ. ಮಿಕ್ಕಿದ್ದೆಲ್ಲ ಆಮೇಲೆ," ಎಂದರು.

ಆ ಸಂಜೆ ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚುತ್ತಿದ್ದಳು. ಅವಳೇ ಕೇಳಿದಳು: "ನಮ್ಮಪ್ಪ ನಂಗೇನಾದ್ರೂ ಬರ್ಸಿದಾನೇನಮ್ಮ?"

ಹೇಳಿದರೆ ಹೊರಟುಬಿಡುತ್ತಾಳೆ. ಹುಳು ಸಾಕುವುದೆಂದರೆ ಅವಳಿಗೆ ಪ್ರಾಣ. ಅವಳಿಲ್ಲದ ಅಡುಗೆಮನೆ, ಅವಳ ಬೈಗುಳವಿಲ್ಲದ ಬೆಳಗು — ನನಗೆ ಆಗ ಇಪ್ಪತ್ತಮೂರು, ಆದರೂ —

"ಇಲ್ಲ ಅತ್ತೆ," ಎಂದೆ.

ಅವಳು ಇನ್ನೊಂದಿಷ್ಟು ಎಣ್ಣೆ ಅಂಗೈಗೆ ಸುರಿದುಕೊಂಡಳು. ಆಮೇಲೆ ನಕ್ಕಳು. "ಹೋಗ್ಲಿ ಬಿಡು ಕಣೇ. ಹುಳಕ್ಕೆ ಹಾಕೋ ಸೊಪ್ಪು ನಿಂಗೇ ಹಾಕ್ತೀನಿ. ನೀನೇನು ಕಮ್ಮಿ ತಿಂತೀಯ?"

ನಾನೂ ನಕ್ಕೆ.

ನಾಲ್ಕು ವರ್ಷ ತೋಟಕ್ಕೆ ನೀರು ಬಿಡಿಸಿದೆ, ಮನೆಗೆ ಹೆಂಚು ಹೊದಿಸಿದೆ, ತೋಟವನ್ನು ಗುತ್ತಿಗೆಗೆ ಕೊಟ್ಟು ಅದರ ಲೆಕ್ಕ ಬರೆದಿಟ್ಟೆ. ಟ್ರಸ್ಟಿ ಮಾಡಬೇಕಾದ್ದನ್ನೆಲ್ಲ ಮಾಡಿದೆ — ಹೇಳುವುದೊಂದನ್ನು ಬಿಟ್ಟು. ತಡವಾದಷ್ಟೂ ಹೇಳುವುದು ಕಷ್ಟವಾಯಿತು. ಪ್ರೀತಿಯಿಂದ ಮಾಡಿದೆ ಎಂದು ಬರೆಯಬಹುದು. ಆದರೆ ಅದು ಯಾರ ಮೇಲಿನ ಪ್ರೀತಿ?

ಈ ಆಗಸ್ಟ್‌ನಲ್ಲಿ ಅತ್ತೆ ಹೋದಳು. ಅದಕ್ಕೆ ವಾರ ಮೊದಲು, ಜ್ವರದಲ್ಲಿ ಮಲಗಿದ್ದವಳು ಇದ್ದಕ್ಕಿದ್ದಂತೆ ಹೇಳಿದಳು: "ನಂಗೊಂದು ಹುಳುಮನೆ ಇದ್ದಿದ್ರೆ ಗೌರಿಬಿದನೂರು ಫಾತಿಮಾನ ಕರ್ಕೊಂಬಂದು ಬಿಡ್ತಿದ್ದೆ ಕಣೇ. ಇಬ್ರೂ ಜಗಳ ಆಡ್ಕೊಂಡು ಹುಳ ಸಾಕ್ತಿದ್ವಿ."

ಆಗಲಾದರೂ ಹೇಳಬಹುದಿತ್ತು. ಅವಳ ಕೈ ನನ್ನ ಕೈಯಲ್ಲೇ ಇತ್ತು. ಹೇಳಲಿಲ್ಲ.

ಅವಳು ಬರಹದಲ್ಲಿ ಯಾರನ್ನೂ ಹೆಸರಿಸಲಿಲ್ಲ. ಹೆಸರಿಸುವ ಹಕ್ಕಿದೆ ಎಂದು ಅವಳಿಗೆ ಗೊತ್ತಿದ್ದರೆ ತಾನೆ? ಅವಳ ಬಾಯಿಂದ ಬಂದ ಹೆಸರು ನಾನು ಕೇಳಿದ್ದೇನೆ. ಅದು ಕಾನೂನಿಗೆ ಸಾಕೋ ಇಲ್ಲವೋ ತಿಳಿಯದು. ವಕೀಲರ ಮುಂದೆ ಎಲ್ಲವನ್ನೂ, ನನ್ನ ಸುಳ್ಳನ್ನೂ ಸೇರಿಸಿ, ಹೇಳಲಿದ್ದೇನೆ.

ಫಾತಿಮಾ ಅವರು ಹರೆಯದಲ್ಲಿ ಶಿಡ್ಲಘಟ್ಟದಲ್ಲಿ ನನ್ನ ಅತ್ತೆಯ ಜೊತೆ ರೇಷ್ಮೆ ನೂಲು ತೆಗೆಯುತ್ತಿದ್ದರು. ಗೌರಿಬಿದನೂರಿನವರು. ಇಷ್ಟೇ ನನಗೆ ಗೊತ್ತು. ಇನ್ನೂ ತಿಳಿದವರು ಯಾರಾದರೂ ಇದ್ದರೆ ಈ ಪತ್ರಿಕೆಗೆ ಎರಡು ಸಾಲು ಬರೆಯಿರಿ. ಅವರಿಗೆ ನೀವೇನೂ ಹೇಳಬೇಡಿ. ಹೇಳಬೇಕಾದವಳು ನಾನು.